ಕಂಡಿಕೆ ನಾಲ್ಕು (ಆ)

ರವಾನೆ ವಿಭಾಗದ ಕಿಟಕಿ ಪೂರ್ತಿ ಮುಚ್ಚುವುದಿಲ್ಲ.
ಹಾಗಾಗಿ ಇಪ್ಪತ್ತೆರಡು ವರ್ಷದ ಘೋಷಣೆಗಳನ್ನು
ನಾನು ಬಲಗಿವಿಯಲ್ಲೇ ಕೇಳಿದ್ದೇನೆ.
ಎಡಗಿವಿ ಸಾಹೇಬರದು.

ಆ ಮೇ ತಿಂಗಳು ಕಲಬುರಗಿಯ ನೆರಳೂ ಬೆವರುತ್ತಿತ್ತು.
ಡಿಸಿ ಕಚೇರಿ ಮುಂದೆ ಬಿಸಿಯೂಟದ ಹೆಂಗಸರು
ಜೇವರ್ಗಿ, ಸೇಡಂ, ಆಳಂದ, ವಾಡಿಯಿಂದ
ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದರು.
ಊರ ಮಕ್ಕಳಿಗೆಲ್ಲ ಅನ್ನ ಬಡಿಸುವವರ
ಕಟಕ ರೊಟ್ಟಿ, ಪುಂಡಿಪಲ್ಯ.
ಸುಡುವ ಫರಸಿಯ ಮೇಲೆ ಹಳೇ ಬ್ಯಾನರು,
ಯಾವುದೋ ಶಾಸಕರ ಹುಟ್ಟುಹಬ್ಬದ್ದು,
ಮುಖ ಕೆಳಗೆ.

ಶಾಲೀಗಿ ಸೂಟಿ ಕೊಟ್ರಿ,
ಹೊಟ್ಟೀಗಿ ಸೂಟಿ ಅದ ಏನ್ರಿ?
ಕೇಳಿದಳು ವಾಡಿಯ ಚಂದಮ್ಮ, ಮೈಕಿಲ್ಲದೆ.
ಅಧಿಕಾರಿಯೊಬ್ಬರು ಹೊರಬಂದು,
ಅಮ್ಮಾ, ಇದು ಸಂಬಳವಲ್ಲ, ಗೌರವಧನ,
ಎಂದು ತಿಳಿಹೇಳಿದರು.
ಗೌರವ ನೀವಾ ಇಟ್ಕೋರಿ ಸಾಹೇಬರ,
ಧನ ನಮಗ ಕೊಡ್ರಿ.
ನಾಲಿಗೆಗೆ ಹಚ್ಚಿದ ಅಂಚೆಚೀಟಿ
ನಗು ಬಂದು ಅಲ್ಲೇ ಅಂಟಿಕೊಂಡಿತು.

ಹನ್ನೊಂದನೇ ದಿನ ಖಾಜಾಬಿ ತೋಳೇರಿಸಿ ತೋರಿಸಿದಳು:
ಕುಕ್ಕರಿನ ಉಗಿ ಮೊಣಕೈವರೆಗೆ
ಯಾವ ಜಿಲ್ಲೆಯದೂ ಅಲ್ಲದ ನಕಾಶೆ ಬರೆದಿತ್ತು.
ದವಾಖಾನಿ ಖರ್ಚು ಕೈಯಿಂದಲೇ,
ಅದೇ ಕೈಯಿಂದ.

ಹತ್ತೊಂಬತ್ತನೇ ರಾತ್ರಿ ಬಿರುಗಾಳಿ, ಆಲಿಕಲ್ಲು.
ಬೆಳಿಗ್ಗೆ ಎದ್ದು ಹೋದರು.
ಗೆದ್ದವರ ಹಾಗೇನೂ ಕಾಣಲಿಲ್ಲ.

ವರ್ಷ ಕಳೆದು ಬೆಂಗಳೂರಿನಿಂದ ಆದೇಶ ಬಂತು. ಏಳು ಪುಟ.
ಮನವಿಗಳು ಸ್ವೀಕೃತವಾಗಿರುತ್ತವೆ.
ಕೂಲಂಕಷವಾಗಿ ಪರಿಶೀಲಿಸಲಾಗಿದೆ.
ಯಾರು ಕೂತರು, ಯಾರು ಕೂಗಿದರು,
ಕರ್ತೃವೇ ಇಲ್ಲದ ವಾಕ್ಯಗಳು.
ಉಲ್ಲೇಖ ಎರಡಕ್ಕೂ ಮೂರಕ್ಕೂ ನಡುವೆ
ಒಂದು ಅಲ್ಪವಿರಾಮ,
ಅದರೊಳಗೆ ಹತ್ತೊಂಬತ್ತು ರಾತ್ರಿ.
ಸೂಟಿಯ ಎರಡು ತಿಂಗಳ ಸುದ್ದಿ ಎಲ್ಲೂ ಇಲ್ಲ.
ಗೌರವಧನ ಗೌರವಧನವಾಗಿಯೇ ಇದೆ.
ಆದರೆ ಕಂಡಿಕೆ ನಾಲ್ಕು (ಆ):
ಅಡುಗೆ ಸಮಯದಲ್ಲಿ ಸುಟ್ಟಗಾಯಗಳಾದಲ್ಲಿ
ಚಿಕಿತ್ಸಾ ವೆಚ್ಚವನ್ನು ಇಲಾಖೆಯೇ ಭರಿಸತಕ್ಕದ್ದು.

ಪ್ರತಿ ಕೇಳಿಕೊಂಡು ಇಬ್ಬರೂ ಬಂದರು.
ಖಾಜಾಬಿಗೆ ಓದು ಬಾರದು.
ನನ್ನ ಮಾತು ಎಲ್ಲಿ ಬರದಾರ್ರಿ? ಎಂದಳು.
ಸಾಲು ತೋರಿಸಿದೆ. ಅದರ ಮೇಲೆ ಬೆರಳಿಟ್ಟು
ಅನ್ನ ಬೆಂದಿದೆಯೋ ಎಂದು ಹಿಸುಕಿ ನೋಡುವವರಂತೆ
ತುಸು ಹೊತ್ತು ಒತ್ತಿ ಹಿಡಿದಳು.

ಚಂದಮ್ಮ ಕಡೇ ಪುಟ ತಿರುವಿದ್ದಳು.
ಸಹಿ ಕೆಳಗ ಇಷ್ಟು ಜಾಗ ಯಾಕ ಖಾಲಿ ಬಿಟ್ಟಾರ?
ಮೊಹರಿಗೆ, ಎಂದೆ.
ಮೊಹರು ಎಷ್ಟ್ ದೊಡ್ಡದಿರ್ತದ್ರಿ? ಎನ್ನುತ್ತ
ಅಂಗೈ ಅಗಲಿಸಿ
ಹಾಳೆಯ ಮೇಲಿಟ್ಟು ಅಳೆದಳು.

ಇನ್ನೂ ಉಳಿದಿತ್ತು.