ಸುತ್ತು ಕಡಿಮೆ

ವಿರಾಜಪೇಟೆ ಗಡಿಯಾರ ಕಂಬದಿಂದ ಇಳಿದರೆ
ಎಡಕ್ಕೆ ಹಂಸಾಕನ ಮೋಟಾರ್ ವೈಂಡಿಂಗ್ ಅಂಗಡಿ.
ಸುಟ್ಟ ಪಂಪು, ಪಲ್ಪರಿನ ಮೋಟಾರು, ವಾರ್ನಿಷ್ ವಾಸನೆ.
ಅವುಗಳ ನಡುವೆ ನನ್ನ ಗಿಟಾರಿನ ಪಿಕಪ್ ಇಟ್ಟೆ:
ಬೆರಳುದ್ದದ ಹಲಗೆ, ಆರು ಅಯಸ್ಕಾಂತದ ಗುಬುಟು,
ಕೂದಲಿಗಿಂತ ಸಪೂರ ತಾಮ್ರದ ತಂತಿ, ಒಳಗೆಲ್ಲೋ ಕಡಿದದ್ದು.
"ಇದೆಷ್ಟು ಎಚ್‌ಪಿ ಟೀಚರೇ?" ಎಂದರು, ನಗದೆ.

ಗಿಟಾರು ಕಂಪನಿಯದಲ್ಲ.
ಅಮ್ಮತ್ತಿಯ ಆಚಾರಿ ಸಿಲ್ವರ್ ಓಕಿನಲ್ಲಿ ಕೊರೆದದ್ದು,
ಕರೆಂಟು ಲೈನಿನ ಮೇಲೆ ಬಿದ್ದು
ಮೂರು ದಿನ ಊರನ್ನೇ ಕತ್ತಲಲ್ಲಿಟ್ಟ ಮರ.
ಬೀಟೆ ಕೇಳಿದ್ದೆ.
"ನಿಮ್ಮ ತೋಟದಲ್ಲಿದ್ದರೂ ಬೀಟೆ ಸರ್ಕಾರದ್ದು,
ಓಕು ಮಾತ್ರ ನಿಮ್ಮದು" ಎಂದ.
ಕಡೆಗೆ ಮುರಿದ ಮಂಚದ ಕಾಲೊಂದು ಸಿಕ್ಕಿ
ಬೆರಳೋಡುವ ಪಟ್ಟಿಯಷ್ಟೇ ಬೀಟೆಯಾಯಿತು.

ನಾದವೆಲ್ಲ ಮರದ್ದೇ ಎನ್ನುತ್ತಾನೆ
ಬೇಸ್ ನುಡಿಸುವ ಕುಟ್ಟಯ್ಯ.
ಅವನಿಗೆ ಜೋಡಿ ಸುರುಳಿಯ ಪಿಕಪ್ಪೇ ಆಗಬೇಕು;
ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ತಿಂದುಹಾಕಿ
ಉಳಿಯುವ ದಪ್ಪ, ಕಪ್ಪು, ಬೆಚ್ಚನೆಯದು,
ಕಾಚಂಪುಳಿ ಹಾಕಿ ಗಂಟೆಗಟ್ಟಲೆ ಕುದಿಸಿದ ಕರಿಯ ಹಾಗೆ.
ನನಗೆ ಬೇಕಾದದ್ದು
ಬಾಟಲಿಯಿಂದ ನೇರ ನಾಲಿಗೆಗೆ ಬಿದ್ದ
ಒಂದು ಹನಿ ಕಾಚಂಪುಳಿ.

ಎಂಟು ಸಾವಿರದ ಇನ್ನೂರು ಸುತ್ತು ಸುತ್ತಿಕೊಟ್ಟರು ಹಂಸಾಕ.
ಮನೆಗೆ ತಂದು ನುಡಿಸಿದೆ. ಕಂಬಳಿ ಹೊದ್ದ ಸ್ವರ.
ಮರುದಿನವೇ ಹೋಗಿ, ಬಿಚ್ಚಿ ಅಂದೆ.
"ಮೋಟಾರಿನಲ್ಲಿ ಸುತ್ತು ಕಡಿಮೆಯಾದರೆ ಬಿಸಿಯಾಗುತ್ತೆ.
ಇದರಲ್ಲಿ?"
"ಬೆಳಕಾಗುತ್ತೆ."
ಫ್ಯೂಸು ಹೋದವಳನ್ನು ನೋಡಿದಂತೆ ನೋಡಿ ಬಿಚ್ಚಿದರು,
ಐನೂರು. ಮತ್ತೆ ಹೋದೆ. ಮತ್ತೆ ನಾನೂರು.
ಮಳೆಗಾಲ ಮುಗಿಯುವ ತನಕ ಇದೇ.

ನನಗೆ ಸರಿ ಅನ್ನಿಸಿದ ದಿನ ಕುಟ್ಟಯ್ಯ ಕಿವಿ ಮುಚ್ಚಿಕೊಂಡ.
"ಬ್ಲೇಡು!"
ಮೆಟ್ಟಿಲ ಮೇಲಿನ ನಾಯಿ ಎದ್ದು ಹೋಯಿತು.
ರುಚಿ, ಅಂದೆ. ನನ್ನ ರುಚಿ.
ರುಚಿಗೆ ಕಾರಣ ಕೊಡಬೇಕೇನು?

ಕಾರಣವನ್ನು ಮೈಸೂರಿನ ಹುಡುಗಿಯೊಬ್ಬಳು
ಕಾಗದದ ಮೇಲೆ ತೋರಿಸಿದಳು.
ಗಾಜಿನ ಕೋಣೆ, ಹೆಡ್‌ಫೋನು, ಕೇಳಿದಾಗ ಗುಂಡಿ ಒತ್ತಿ.
ನೆಟ್ಟಗೆ ಬಂದ ಗೆರೆ
ನಾಲ್ಕು ಸಾವಿರದ ಹತ್ತಿರ ಹೊಂಡಕ್ಕೆ ಬಿದ್ದಿತ್ತು,
ಎಡಗಿವಿಯಲ್ಲಿ ಇನ್ನೂ ಆಳಕ್ಕೆ.
"ಕೋವಿ ಹಿಡಿದಿದ್ದೀರಾ ಮೇಡಂ? ಬಲಭುಜಕ್ಕೆ?"

ಹಿಡಿದಿದ್ದೆ. ಹನ್ನೆರಡು ವರ್ಷ. ಕೈಲು ಮುಹೂರ್ತದ ಮಧ್ಯಾಹ್ನ,
ಮರದ ತುದಿಗೆ ಕಟ್ಟಿದ ತೆಂಗಿನಕಾಯಿ,
ಹಿಂದಿನಿಂದ ನನ್ನ ಮೊಣಕೈ ಎತ್ತಿ ಹಿಡಿದ ದೊಡ್ಡಪ್ಪ.
ಮೂರನೆಯ ಈಡಿಗೆ ಕಾಯಿ ಚೂರು.
ಎಲ್ಲರ ಬಾಯಿ ತೆರೆದಿತ್ತು, ಕೇಕೆ ಹಾಕಿರಬೇಕು.
ನನಗೆ ಕೇಳಿದ್ದು ಒಂದು ಸಪೂರ ಕುಯ್ ಮಾತ್ರ.
ರಾತ್ರಿಗೆ ಅದು ಹೋಯಿತು ಅಂದುಕೊಂಡೆ.
ಮುಂದಿನ ವರ್ಷ ಮತ್ತೆ ಕೋವಿ, ಅದರ ಮುಂದಿನ ವರ್ಷವೂ.

ಹೋಗುವಾಗ ಅದು ಏನನ್ನು ಒಯ್ದಿತೋ
ಅದನ್ನೇ ಹಂಸಾಕನ ಕೈಯಲ್ಲಿ
ಸುತ್ತು ಸುತ್ತಾಗಿ ಬಿಚ್ಚಿಸಿ ವಾಪಸು ಕೇಳುತ್ತಿದ್ದೆ.

ಕಾಗದ ತೋರಿಸಿದೆ. ಹಂಸಾಕ ಅದನ್ನು ನೋಡಲೇ ಇಲ್ಲ.
ಉದ್ದನೆಯ ಸ್ಕ್ರೂಡ್ರೈವರ್ ತೆಗೆದು
ತುದಿಯನ್ನು ಓಕಿಗೆ, ಹಿಡಿಯನ್ನು ತನ್ನ ಕಿವಿಯ ಎಲುಬಿಗೆ ಒತ್ತಿ,
"ಹೊಡೀರಿ" ಎಂದರು.
ದಪ್ಪ ತಂತಿ ಮೀಟಿದೆ.
ಕಣ್ಣು ಮುಚ್ಚಿ ಕೊನೆಯ ನಡುಕದವರೆಗೂ ಆಲಿಸಿದರು.
"ಬೇರಿಂಗ್ ಸರಿಯಿದೆ."
ಆಮೇಲೆ, ತಂತಿಯ ಉರುಳೆ ಎತ್ತಿ, "ಮತ್ತೆ ಏರಿಸಲಾ?"

ಬೇಡ ಅಂದೆ.

ಟೋನ್ ಗುಬುಟಿನ ನಾಲ್ಕರ ಪಕ್ಕ
ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟಿದ್ದೇನೆ ಈಗ,
ಕುಟ್ಟಯ್ಯ ಬಂದಾಗ ಅಲ್ಲಿಗೆ.
ಒಬ್ಬಳೇ ಇದ್ದರೆ ಹತ್ತಕ್ಕೆ.
ಹತ್ತರಾಚೆ ಅದು ತಿರುಗುವುದಿಲ್ಲ.
ಗೊತ್ತಿದ್ದೂ ಒಮ್ಮೊಮ್ಮೆ ತಿರುಗಿಸಿ ನೋಡುತ್ತೇನೆ.