ಕಾಲು ಭಾಗ

ನನ್ನ ಮೇಜಿನ ಕೆಳಗೊಂದು ಪೆಡಲು.
ಒತ್ತಿದರೆ ನ್ಯಾಯಾಲಯ ಮಾತಾಡುತ್ತದೆ,
ಹಿಮ್ಮಡಿಯಿಂದ ತುಳಿದರೆ ಆಡಿದ್ದನ್ನೇ ಮತ್ತೆ ಆಡುತ್ತದೆ.
ಇನ್ವರ್ಕಾರ್ಗಿಲ್ಲಿನ ಈ ಎರಡನೇ ಮಹಡಿಯಲ್ಲಿ ಹತ್ತೊಂಬತ್ತು ವರ್ಷ
ಬೇರೆಯವರ ಮಾತನ್ನು ಕಾಲಿನಿಂದ ಕೇಳಿ
ಕೈಯಿಂದ ಇಳಿಸಿದ್ದೇನೆ.

ಇವತ್ತಿನ ಕಡತ ಲಾಕ್ಲನ್ ಮೆಕ್ಯಾಸ್ಕಿಲ್, ಮೂವತ್ತೊಂದು,
ಬ್ಲಫ್ ಬಂದರಿನ ಸಿಂಪಿ ದೋಣಿಯ ಆಳು.
ಶಿಕ್ಷೆ ಹೆಚ್ಚಾಯಿತೆಂದು ಮೇಲ್ಮನವಿ.
ಮೇಲಿನ ಕೋರ್ಟಿಗೆ ಶುಕ್ರವಾರದೊಳಗೆ
ಎಲ್ಲವೂ ಅಕ್ಷರದಲ್ಲಿ ಬೇಕು.

ನಡೆದದ್ದು ಇಷ್ಟು: ಹಂಗಾಮಿನ ಕೊನೆಯ ರಾತ್ರಿ,
ಪಬ್ಬಿನ ಹಿಂದೆ ಕಾರು ನಿಲ್ಲಿಸುವ ಜಾಗ,
ಒಂದೇ ಗುದ್ದು.
ಉಳಿದದ್ದನ್ನು ಕಾಂಕ್ರೀಟಿನ ಅಂಚು ಮಾಡಿತು.
ಬಿದ್ದವನು ರೆವಿ ಪರಾತಾ. ಅದೇ ದೋಣಿ, ಅದೇ ಪಾಳಿ,
ಆರು ವರ್ಷ ಒಂದೇ ಫ್ಲಾಸ್ಕಿನ ಚಹಾ.
ಎಡಗಿವಿ ಹೋಯಿತು. ಮೂಗಿಗೆ ವಾಸನೆಯೂ ಹೋಯಿತು.
‘ಸಮುದ್ರ ಈಗ ಬರೀ ಒದ್ದೆ’ ಎಂದಿದ್ದಾನೆ ಹೇಳಿಕೆಯಲ್ಲಿ.
ಓದಿದವಳು ತಂಗಿ.
ನಡುವೆ ನಿಲ್ಲಿಸಿ, ಅಣ್ಣಾ ಕೇಳಿಸ್ತಿದೆಯಾ,
ಎರಡು ಸಲ, ಎರಡನೆಯದು ಜೋರಾಗಿ.

ಲೆಕ್ಕ ಕೇಳಿ. ಗುದ್ದಿಗೆ ಮೂವತ್ತಾರು ತಿಂಗಳು.
ಒಪ್ಪಿಕೊಂಡಿದ್ದಕ್ಕೆ ಕಾಲು ಭಾಗ ಕಳೆ: ಇಪ್ಪತ್ತೇಳು.
ಪಶ್ಚಾತ್ತಾಪ ನಿಜವೆನಿಸಿದರೆ ಇನ್ನೂ ಮೂರು ಕಳೆಯಬಹುದು.
ಇಪ್ಪತ್ತನಾಲ್ಕಕ್ಕೆ ಇಳಿದರೆ ಜೈಲಿನ ಬದಲು
ಮನೆಯಲ್ಲೇ ಬಂಧನ ಕೇಳಬಹುದು, ಕಾಲಿಗೊಂದು ಪಟ್ಟಿ ಕಟ್ಟಿಕೊಂಡು.
ಕೆಳಗಿನ ನ್ಯಾಯಾಧೀಶೆ ಆ ಮೂರನ್ನು ಕೊಡಲಿಲ್ಲ.
‘ಪತ್ರ ಚೆನ್ನಾಗಿದೆ. ಬರೆದವರು ಯಾರೋ, ಅವರಿಗೆ ಅಭಿನಂದನೆ’ ಎಂದರು.
ಯಾರೋ ನಕ್ಕರು.
ನಗು ಎಂದು ಕಂಸದಲ್ಲಿ ಹಾಕಿದೆ. ನಗುವಿಗೆ ನಿಯಮದಲ್ಲಿ ಜಾಗವಿದೆ.

ಮೌನಕ್ಕಿಲ್ಲ.

ಒಪ್ಪಿಗೆಯ ದಿನದ ಧ್ವನಿ ಹಾಕಿದೆ.
ಗುಮಾಸ್ತೆ ಆರೋಪ ಓದುತ್ತಾಳೆ, ಏನನ್ನುತ್ತೀರಿ ಎನ್ನುತ್ತಾಳೆ.
ಆಮೇಲೆ ಏನೂ ಇಲ್ಲ.
ಹೀಟರಿನ ಗುನುಗು, ಕುರ್ಚಿಯದೊಂದು ಕಿರ್ರ್,
ಕಿಟಕಿಯಾಚೆ ಕಡಲಹಕ್ಕಿಯ ರಂಪ,
ಗಂಟಲಿನಲ್ಲಿ ಏನೋ ಮೇಲೆ ಬಂದು
ಮತ್ತೆ ಇಳಿದದ್ದು.
ಹದಿನೇಳು ಸೆಕೆಂಡು.
ಆಮೇಲೆ, ‘ನಾನೇ.’
ವಕೀಲ ಕೆಮ್ಮಿದ. ಇವನು ತಿದ್ದಿಕೊಂಡ:
‘ತಪ್ಪಿತಸ್ಥ.’

ಪೆಡಲು ಹಿಂದಕ್ಕೆ ತುಳಿದೆ. ಮತ್ತೆ. ಮತ್ತೆ.
ಆ ಹದಿನೇಳರಲ್ಲಿ ಇದ್ದದ್ದೇನು? ಹೆದರಿಕೆಯೇ?
ಕಾಲು ಭಾಗದ ಲೆಕ್ಕವೇ?
ಫ್ಲಾಸ್ಕೇ?

ನನ್ನ ಅಕ್ಕನಿಗೆ ಕ್ಷಮಿಸು ಎನ್ನಲು
ನಾನು ಎಂಟು ವರ್ಷ ತೆಗೆದುಕೊಂಡೆ.
ಅಂದಾಗ ಫೋನನ್ನು ನರ್ಸು ಹಿಡಿದಿದ್ದಳು, ಹಾಸಿಗೆಯ ಪಕ್ಕ.
‘ಕೇಳಿಸಿರುತ್ತೆ ಬಿಡಿ’ ಅಂದಳು ನರ್ಸು.
ಬೇಗ ಒಪ್ಪಿದಷ್ಟೂ ರಿಯಾಯಿತಿ ಹೆಚ್ಚು ಎನ್ನುತ್ತದೆ ಕಾನೂನು.
ಸರಿಯೇ ಇದ್ದೀತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಬ್ಲಫ್ಫಿನ ಸಿಂಪಿಯಲ್ಲಿ ಮುತ್ತು ಹುಡುಕುವವರಿಲ್ಲ.
ಚಾಕು ತಿರುವಿ ಬಾಯಿ ಬಿಡಿಸಿದರೆ
ಉಪ್ಪುನೀರು, ಬೂದು ಮಾಂಸ,
ಮುಟ್ಟಿದರೆ ಹಿಂಜರಿಯುವ ಒಂದು ಕಪ್ಪಂಚು.
ಅಷ್ಟೇ. ಅದನ್ನೇ ಡಜನ್ನಿನ ಲೆಕ್ಕದಲ್ಲಿ ಮಾರುತ್ತಾರೆ.

ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಸಾಲು ಖಾಲಿ ಬಿಟ್ಟೆ.
ನಿಯಮಕ್ಕೆ ವಿರುದ್ಧ.
ಮೇಲಿನವರು ಓದುವಾಗ
ಅವರ ಕಣ್ಣು ಅಲ್ಲೊಂದು ಕ್ಷಣ ಎಡವಲಿ ಎಂದು.

ಆಮೇಲೆ ರೆವಿಯ ಎಡಗಿವಿ ನೆನಪಾಯಿತು.
ಅದರೊಳಗೆ ಪುಟಗಟ್ಟಲೆ ಖಾಲಿ ಸಾಲು,
ಅದನ್ನು ಯಾರೂ ಟೈಪು ಮಾಡಿಲ್ಲ.
ಅಳಿಸಿದೆ.

ತೀರ್ಪು ನನ್ನ ಮೇಜಿಗೆ ಬರುವುದಿಲ್ಲ.
ಐದು ಗಂಟೆಗೆ ದೀಪ ಆರಿಸುತ್ತಾರೆ.
ಕೋಟು ತೊಟ್ಟಾಯಿತು, ಚೀಲ ಹೆಗಲಿಗೇರಿತು,
ಕಾಲು ಮಾತ್ರ
ಇನ್ನೂ ಪೆಡಲಿನ ಮೇಲೆ.