ಹುಲ್ಲಟ್ಟದ ಹೊಟ್ಟು

ಹುಲ್ಲೆಲ್ಲ ಹಸುವಿಗೆ. ಹೊಟ್ಟು ಮಾತ್ರ ನನಗೆ.
ಅಟ್ಟದ ಹಲಗೆಯ ಮೇಲೆ ಚಳಿಗಾಲವಿಡೀ
ಉದುರುದುರಿ ಕೂತದ್ದು:
ಬೀಜ, ಎಸಳು, ಒಣಗಿದ ತೊಟ್ಟು,
ಸತ್ತ ಜೀರುಂಡೆಯದೊಂದು ರೆಕ್ಕೆ.
ಗುಡಿಸಿ, ಜರಡಿಯಾಡಿಸಿ,
ಹಳೇ ದಿಂಬಿನ ಚೀಲದೊಳಗೆ ಬಿಗಿದು
ಕುದಿವ ಹಂಡೆಗೆ ಇಳಿಬಿಡಬೇಕು.
ಮುಚ್ಚಳ ತೆಗೆಯಬಾರದು, ಆವಿಯೇ ಔಷಧ
ಎನ್ನುತ್ತಿದ್ದಳು ನಮ್ಮತ್ತೆ,
ಹಾಗೆಂದವಳೇ ಎರಡು ಸಲ ಎತ್ತಿ ಮೂಸುತ್ತಿದ್ದಳು.

ಮೂವತ್ತೊಂದು ವರ್ಷ, ಮಾರಮುರೆಶಿನ ಕೆಸರಲ್ಲಿ,
ಇಜಾ ನದಿಯ ಈಚೆ ದಡದ ಅಂಚೆ ಹೊತ್ತ ಕಾಲು ಇವು.
ನನ್ನ ಹೆಜ್ಜೆ ಕೇಳಿದರೆ
ನಾಯಿಗಳು ಕಣ್ಣು ಕೂಡ ತೆರೆಯುತ್ತಿರಲಿಲ್ಲ.
ಈಗ ಹೆಬ್ಬೆರಳ ಬುಡದಲ್ಲೊಂದು ಗಂಟು, ಈರುಳ್ಳಿಯಷ್ಟು.
ಬೂಟು ಕೊಯ್ದು ಕಿಂಡಿ ಮಾಡಿಕೊಟ್ಟಿದ್ದೇನೆ ಅದಕ್ಕೆ.
ಮಂಡಿಯೋ,
ಮಳೆಗೆ ಒಂದು ದಿನ ಮೊದಲೇ ತಂತಿ ಕಳಿಸುತ್ತದೆ.

ಎಲ್ಲ ಹೊಟ್ಟೂ ಒಂದೇ ಅಲ್ಲ.
ನನ್ನದು ಹೊಳೆದಂಡೆಯ ಹುಲ್ಲು. ಕುದಿಸಿದರೆ
ಹಸುವಿನ ಬಾಯಿಯ ವಾಸನೆ, ಅಷ್ಟೇ.
ಬೇಕಾದ್ದು ಮೇಲಿನ ಇಳಿಜಾರಿನದು:
ಕಾಡು ಥೈಮ್, ಕೆಂಪು ಕ್ಲೋವರ್,
ನಾವು ಇಲಿಬಾಲ ಎನ್ನುವ
ಕೊಡೆಯಂಥ ಬಿಳಿ ಹೂ.
ಆ ಇಳಿಜಾರು ಪಲಾಗಳದು.
ಅಂದರೆ, ಅವಳದೆಂದು ಕೋರ್ಟು ಹೇಳಿತು.

ಮಾತು ಬಿಟ್ಟು ಹನ್ನೊಂದು ವರ್ಷ.
ನಾದಿನಿ. ಒಂದೇ ಓಣಿ, ಒಂದೇ ಬಾವಿ.
ಬುಖಾರೆಸ್ಟಿನಿಂದ ಬಂದ ಅವಳ ಪಿಂಚಣಿಯನ್ನು
ತಿಂಗಳು ತಿಂಗಳು ನಾನೇ ಒಯ್ದೆ.
ಗೇಟಿನ ಕಂಬದ ಮೇಲೆ ನೋಟು ಎಣಿಸಿಟ್ಟು,
ಹಾರದ ಹಾಗೆ ಕಲ್ಲಿಟ್ಟು, ಸಹಿ ಪುಸ್ತಕ ಬಿಚ್ಚಿ,
ಬೆಟ್ಟ ನೋಡುತ್ತ ನಿಲ್ಲುತ್ತಿದ್ದೆ.
ಅವಳೂ ಬೆಟ್ಟ ನೋಡುತ್ತಲೇ ಸಹಿ ಹಾಕುತ್ತಿದ್ದಳು,
ಗೆರೆ ತಪ್ಪಿ, ಓರೆಯಾಗಿ.
ಆ ಬೆಟ್ಟವನ್ನು ನಾವಿಬ್ಬರು ನೋಡಿದಷ್ಟು
ಯಾರೂ ನೋಡಿರಲಿಕ್ಕಿಲ್ಲ.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ
ಮೆಟ್ಟಿಲನ್ನು ಹಿಮ್ಮುಖವಾಗಿ, ಕೈಯೂರಿ,
ಕೂಸಿನಂತೆ ಇಳಿದೆ. ಇಳಿದವಳು
ಖಾಲಿ ಚೀಲ ಹಿಡಿದು ನೇರ ಹೋದೆ.
ಬಾಗಿಲು ತೆರೆದಳು. ಚೀಲ ನೋಡಿದಳು.
ಬೂಟಿನ ಕಿಂಡಿ ನೋಡಿದಳು.
ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ.
ಮಾಡಿನ ಹಿಮ ಕರಗಿ ಕುತ್ತಿಗೆಗೆ ಹನಿಯುತ್ತಿತ್ತು.
ಆಮೇಲೆ ಮೂಗಿಗೆ ಬಂತು, ಥೈಮ್.
ಅವಳ ಒಲೆಯ ಮೇಲೆ ಹಂಡೆ
ಆಗಲೇ ಕುದಿಯುತ್ತಿತ್ತು.

ಓ. ಇವಳಿಗೂ.

ಮರದ ತೊಟ್ಟಿ. ಹಿಡಿ ಉಪ್ಪು.
ಹದ ನೋಡಲು ಮೊಣಕೈ ಅದ್ದಿದಳು,
ಮಗುವಿನ ನೀರಿಗೆ ಅದ್ದುವಂತೆ.
ಚಹಾದ ಬಣ್ಣ ಬಿಟ್ಟಿತ್ತು ನೀರು.
ಸೌದೆ ಕಮ್ಮಿ, ತೊಟ್ಟಿ ಒಂದೇ.
ಎದುರುಬದುರು ಸ್ಟೂಲು, ನಾಲ್ಕು ಪಾದ.
ಅವಳ ಬಲಗಾಲ ಕಿರುಬೆರಳು
ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ,
ಥೇಟು ನನ್ನ ಗಂಡನದರ ಹಾಗೆ.
ಮಣ್ಣು ಮಾಡಿದ ದಿನದಿಂದ
ನಾನು ಆ ಬೆರಳು ಕಂಡಿರಲಿಲ್ಲ.
ತಲೆ ಎತ್ತಿದೆ. ನನ್ನ ಗಂಟನ್ನೇ ನೋಡುತ್ತಿದ್ದಳು.
ಒಳಮನೆಯಲ್ಲಿ ಬೆಟ್ಟ ಎಲ್ಲಿಂದ ತರುವುದು?

ನೋವು ಹೋಗುವುದಿಲ್ಲ, ಯಾರು ಏನೇ ಹೇಳಲಿ.
ಕೂರುತ್ತದೆ ಅಷ್ಟೇ,
ಬೊಗಳಿ ಬೊಗಳಿ ಸುಸ್ತಾದ ನಾಯಿಯಂತೆ.
ಕೋರ್ಟಿನ ಮಾತು ಏಳಲಿಲ್ಲ. ಏಳುತ್ತದೆ,
ಜೂನಿನಲ್ಲಿ, ಕುಡುಗೋಲು ಮಸೆಯುವಾಗ.

"ಬಿಸಿ ಸಾಕಾ, ತೊದೋಸಿಯಾ?"

ಪಾದ ಕೆಂಪಗೆ ಬೇಯುತ್ತಿತ್ತು.
"ಇನ್ನೊಂದು ಚೊಂಬು ಹುಯ್ಯಿ" ಎಂದೆ.